ಟೀಚರ್ ಕಟ್ಟಿದ ಎರಡು ಚೀಲ

ನೀವಿಬ್ಬರೂ ಅವರನ್ನು ‘ಸೈಕಲ್ ಅಜ್ಜಿ’ ಎನ್ನುತ್ತಿದ್ದಿರಿ. ನನ್ನನ್ನು ಬರೀ ‘ಅಜ್ಜಿ’. ಅದರಲ್ಲಿ ಬೇಸರ ಮಾಡಿಕೊಳ್ಳುವಂಥದ್ದು ಏನಿದೆ ಎಂದರೆ ಏನೂ ಇಲ್ಲ. ಆದರೂ ನಾನು ಮಾಡಿಕೊಂಡಿದ್ದೆ.

ಹೋದ ತಿಂಗಳು ಅವರು ಹರಿಹರದಲ್ಲಿ, ತಂಗಿಯ ಮನೆಯಲ್ಲಿ ತೀರಿಕೊಂಡರು. ದೊಡ್ಡವಳು ಹಾಸ್ಟೆಲಿನಿಂದ ಫೋನು ಮಾಡಿ ಅತ್ತಳು. ‘ನಿನಗೇ ಅವರು ಜಾಸ್ತಿ ಗೊತ್ತಿದ್ದಿದ್ದು ಅಜ್ಜಿ, ನೆನಪಿದ್ದಷ್ಟು ಬರೆದಿಡು’ ಎಂದಳು. ನಾನು ಹದಡಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ನಾಲ್ಕು ಜನರೆದುರು ಮಾತಾಡಲು ನನಗೆ ಮೊದಲಿನಿಂದಲೂ ಆಗುವುದಿಲ್ಲ. ಕಾಗದದ ಮೇಲಾದರೆ ಯಾರೂ ಮುಖ ನೋಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅವರನ್ನು ಹೊಗಳಿ ಬರೆಯಲಿ ಎಂದು ನೀವು ಕಾಯುತ್ತಿದ್ದರೆ ಸ್ವಲ್ಪ ತಾಳಿ.

ಅವರ ಹೆಸರು ಬರೆಯುವುದಿಲ್ಲ. ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಅಷ್ಟೂ ವರ್ಷ ನಾನು ಹೆಸರು ಹಿಡಿದು ಕರೆದವಳಲ್ಲ. ನನಗೆ ಅವರು ಟೀಚರ್, ಅವರಿಗೆ ನಾನು ಅಕ್ಕ. ಹರಿಹರದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಟೀಚರಾಗಿದ್ದು ನಿವೃತ್ತರಾದವರು. ನನ್ನ ಹಾಗೆಯೇ ಗಂಡನನ್ನು ಕಳೆದುಕೊಂಡವರು. ಮಕ್ಕಳಿರಲಿಲ್ಲ. ಬೀದಿಯವರೆಲ್ಲ ‘ಪಾಪ, ಒಂಟಿ’ ಎನ್ನುತ್ತಿದ್ದರು. ಆ ಪಾಪ ಎಲ್ಲಿದೆ ಎಂದು ನಾನು ಕಿಟಕಿಯಿಂದ ಬಹಳ ಹುಡುಕಿದ್ದೇನೆ. ನನಗಂತೂ ಸಿಗಲಿಲ್ಲ.

ಬೆಳಿಗ್ಗೆ ಎದ್ದವರೇ ಸೈಕಲ್ಲಿನ ಎರಡೂ ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು, ನಾವು ಬದನೆಕಾಯಿ ಒತ್ತಿ ನೋಡುವ ಹಾಗೆ. ಯಾರಾದರೂ ಮಾತಾಡಿಸಿದರೆ ಎರಡು ಕೈಯನ್ನೂ ಸೊಂಟದ ಮೇಲಿಟ್ಟು, ಕಾಲು ಅಗಲಿಸಿ ನಿಂತು ಉತ್ತರ ಕೊಡುತ್ತಿದ್ದರು. ಉಗುರಿನ ಸಂದಿಯಲ್ಲಿ ಸದಾ ಚೈನಿನ ಎಣ್ಣೆಯ ಕಪ್ಪು. ಶನಿವಾರ ಶನಿವಾರ ಬಾತಿ ಊರಿನ ಮೇಲೆ ಸೈಕಲ್ಲಿನಲ್ಲೇ ಹರಿಹರಕ್ಕೆ ಹೋಗಿ, ಹೊಳೆ ನೋಡಿಕೊಂಡು, ತಂಗಿಯ ಮನೆಯಲ್ಲಿ ಚಹಾ ಕುಡಿದು, ನಾನು ಬಟ್ಟೆ ಒಣಹಾಕುವ ಹೊತ್ತಿಗೆ ವಾಪಸು ಬಂದಿರುತ್ತಿದ್ದರು. ಮುಖವೆಲ್ಲ ಕೆಂಪಾಗಿರುತ್ತಿತ್ತು. ‘ಹೊಳೆ ತುಂಬೈತ್ರಿ ಅಕ್ಕ’ ಎಂದು ಗೇಟಿನಿಂದಲೇ ಕೂಗುತ್ತಿದ್ದರು. ನಾನು ‘ಹೌದಾ’ ಎನ್ನುತ್ತಿದ್ದೆ. ಅಷ್ಟು ಹೊತ್ತಿನಲ್ಲಿ ನಾನು ಮಾಡಿದ್ದೆಂದರೆ ಎರಡು ಬಕೆಟ್ ಬಟ್ಟೆ.

ತರಕಾರಿಯವನು ಅವರಿಗೆ ಕೊತ್ತಂಬರಿ ಪುಕ್ಕಟೆ ಹಾಕುತ್ತಿದ್ದ. ನಿಮ್ಮಪ್ಪ ತನ್ನ ಬಿಪಿ ವಿಚಾರವನ್ನು ನನಗೆ ಹೇಳದೆ ಅವರ ಹತ್ತಿರ ಹೇಳುತ್ತಿದ್ದ. ನೀವು ಶಾಲೆಯಿಂದ ಬಂದವರು ಚೀಲವನ್ನು ನಮ್ಮ ಕಟ್ಟೆಯ ಮೇಲೆ ಎಸೆದು ಅವರ ಮನೆಗೆ ಓಡುತ್ತಿದ್ದಿರಿ. ಇಬ್ಬರೂ ಸೈಕಲ್ ಕಲಿತದ್ದು ಅವರಿಂದ. ಚಿಕ್ಕವಳೇ, ನೀನು ಬಿದ್ದು ಮೊಣಕಾಲು ಒಡೆದುಕೊಂಡಾಗ ನಾನು ಅರಿಶಿನ ಹಿಡಿದು ಓಡಿದೆ. ಅವರು ಕೂತಲ್ಲಿಂದಲೇ, ‘ಕಾಲು ಮುರದೈತೇನು? ಇಲ್ಲ ಅಂದ್ರ ಹತ್ತು’ ಎಂದರು. ನೀನು ಹತ್ತಿದೆ. ನನ್ನ ಅರಿಶಿನ ಅಂಗೈಯಲ್ಲೇ ಉಳಿಯಿತು.

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಬಂದು ಕೂತು, ವಿಯೆಟ್ನಾಂ ದೇಶಕ್ಕೆ ಹೊರಟಿದ್ದೇನೆ ಎಂದರು. ನಾಲ್ಕು ಜನ ಹೆಂಗಸರು, ಹನ್ನೆರಡು ದಿನ, ಸೈಕಲ್ಲಿನ ಮೇಲೆ. ಉಳಿದ ಮೂವರು ಹುಬ್ಬಳ್ಳಿ ಮತ್ತು ಬೆಂಗಳೂರಿನವರು. ಸೈಕಲ್ಲು ಅಲ್ಲಿಯೇ ಬಾಡಿಗೆಗೆ ಸಿಗುತ್ತದೆಯಂತೆ, ಚೀಲ ಮಾತ್ರ ಇಲ್ಲಿಂದ. ಹಿಂದಿನ ಗಾಲಿಯ ಆಚೆ ಒಂದು, ಈಚೆ ಒಂದು ತೂಗುಬಿಡುವ ಚೀಲ. ಎರಡೂ ಸೇರಿ ಎಂಟು ಕಿಲೋ ದಾಟಬಾರದು.

‘ಅಲ್ಲೇನೈತ್ರಿ ನೋಡೋಕೆ?’ ಎಂದು ಕೇಳಿದೆ.

‘ಭತ್ತದ ಗದ್ದೆ.’

‘ಭತ್ತದ ಗದ್ದೆ ಹರಿಹರದ ದಾರ್ಯಾಗೆ ಇಲ್ವಾ?’

ಟೀಚರ್ ನಕ್ಕರು. ನಾನು ತಮಾಷೆಗೆ ಕೇಳಿರಲಿಲ್ಲ.

ಅಂದಿನಿಂದ ಎರಡು ವಾರ ದಿನಾ ಮಧ್ಯಾಹ್ನ ಊಟವಾದ ಮೇಲೆ ಎದುರು ಗೇಟಿನಿಂದ ಕೂಗು ಬರುತ್ತಿತ್ತು: ‘ಅಕ್ಕ, ಬರ್ರಿ, ಪಂಚಾಯ್ತಿ ಐತೆ.’ ಅವರ ನಡುಮನೆಯಲ್ಲಿ ಒಂದು ಹಳೆಯ ಬೆಡ್‌ಶೀಟು ಹಾಸಿರುತ್ತಿತ್ತು. ಅದರ ಮೇಲೆ ಒಯ್ಯಬಹುದಾದ ಸಾಮಾನೆಲ್ಲ ಸಾಲಾಗಿ ಇರುತ್ತಿತ್ತು. ಪಕ್ಕದಲ್ಲಿ ಅಡಿಗೆಮನೆಯ ಕರೆಂಟಿನ ತಕ್ಕಡಿ ಮತ್ತು ಒಂದು ನೋಟ್‌ಬುಕ್ಕು. ಒಂದೊಂದನ್ನೂ ತೂಗಿ ಬರೆಯುತ್ತಿದ್ದರು. ಒಂದು ವಸ್ತುವಿಗೆ ಕನಿಷ್ಠ ಎರಡು ಕೆಲಸ ಬರಬೇಕು, ಇಲ್ಲದಿದ್ದರೆ ಫೇಲು. ಟವೆಲ್ಲು ಸುತ್ತಿದರೆ ದಿಂಬು, ಪಾಸು. ಹವಾಯಿ ಚಪ್ಪಲಿ ಬಚ್ಚಲಿಗೂ ಆಯಿತು, ಶೂ ಒದ್ದೆಯಾದಾಗ ರಸ್ತೆಗೂ ಆಯಿತು, ಪಾಸು. ಎರಡನೆಯ ಓದುವ ಕನ್ನಡಕಕ್ಕೆ ಬಹಳ ಹೊತ್ತು ಯೋಚಿಸಿ ಗ್ರೇಸ್ ಮಾರ್ಕ್ಸ್ ಕೊಟ್ಟರು.

ಮಕ್ಕಳೇ, ಈಗ ನಿಜ ಹೇಳುತ್ತೇನೆ. ಆ ಚೀಲದ ಬಾಯಿ ಮುಚ್ಚಬಾರದು ಎಂದೇ ನಾನು ಅಲ್ಲಿ ಹೋಗಿ ಕೂರುತ್ತಿದ್ದದ್ದು. ಅವರು ಒಂದು ತೆಗೆದರೆ ನಾನು ಒಂದು ಹಾಕಲು ನೋಡುತ್ತಿದ್ದೆ.

‘ಒಂದು ಕಾಟನ್ ಸೀರೆ ಇಟ್ಕೊಳ್ರಿ ಟೀಚರ್. ಹಾಸೋಕಾತು, ಹೊದಿಯೋಕಾತು.’

‘ಅರ್ಧ ಕಿಲೋ ಐತ್ರಿ ಅದು.’

‘ಗುಡಿಗೆ ಗಿಡಿಗೆ ಹೋಗೋದಾದ್ರೆ?’

‘ಪ್ಯಾಂಟ್ ಹಾಕ್ಕೊಂಡೋಳನ್ನ ಬುದ್ಧ ಒಳಗ ಬಿಡಲ್ಲ ಅಂತಾನೇನ್ರಿ?’

ಇನ್ನೊಂದು ದಿನ ಮಂಡಕ್ಕಿ ಒಯ್ದೆ. ದಾವಣಗೆರೆಯವರು ಮಂಡಕ್ಕಿ ಬಿಟ್ಟು ದೇಶ ದಾಟುವುದುಂಟೇ ಎಂದು ವಾದ ಮಾಡಿದೆ. ತಕ್ಕಡಿಯ ಮೇಲೆ ಅದು ತೂಗಲೇ ಇಲ್ಲ. ಚೀಲಕ್ಕೆ ಹಾಕಿದರೆ ಒಂದು ಚೀಲ ಪೂರ್ತಿ ಅದಕ್ಕೇ ಬೇಕಾಯಿತು. ‘ತೂಕದಾಗೆ ಪಾಸು, ಜಾಗದಾಗೆ ಫೇಲು. ತಿನ್ರಿ ಇತ್ಲಾಗೆ’ ಎಂದು ಈರುಳ್ಳಿ ಹೆಚ್ಚಿ ತಂದರು. ಇಬ್ಬರೂ ಬೆಡ್‌ಶೀಟಿನ ಅಂಚಿಗೆ ಕೂತು ಆ ಮಂಡಕ್ಕಿಯನ್ನು ತಿಂದು ಮುಗಿಸಿದೆವು. ವಿಭೂತಿ ಗಟ್ಟಿಯನ್ನು ಗರಗಸದ ಬ್ಲೇಡಿನಿಂದ ಅರ್ಧಕ್ಕೆ ಕೊಯ್ದಾಗ ನಾನು ಎದ್ದೇಬಿಟ್ಟಿದ್ದೆ.

‘ಕೂಡ್ರಿ. ಶಿವ ಸಿಟ್ಟಾಗಲ್ಲ. ಅವನೂ ಗುಡ್ಡ ಹತ್ತಿದೋನೇ.’

‘ಮತ್ತೆ ಲಿಂಗದ ಕರಡಿಗೆ? ಅದೂ ಬೆಳ್ಳಿದು, ಭಾರ ಐತೆ.’

‘ಅದು ಕೊರಳಾಗಿರ್ತೈತೆ. ಬ್ಯಾಗಿನ ತೂಕಕ್ಕ ಬರಲ್ಲ.’

ಹೀಗೆ ಎಲ್ಲದಕ್ಕೂ ಅವರ ಹತ್ತಿರ ಉತ್ತರವಿತ್ತು. ಅದೂ ನನಗೆ ಹೊಟ್ಟೆಕಿಚ್ಚೇ. ಅವರು ಮಳೆ ಅಂಗಿಯನ್ನು ಅಂಗೈಯಷ್ಟು ಚಿಕ್ಕದಾಗಿ ಮಡಿಸುವಾಗ ಅವರ ಬೆರಳನ್ನೇ ನೋಡುತ್ತಿದ್ದೆ. ಅದೇ ಹೊತ್ತಿನಲ್ಲಿ ಇನ್ನೊಂದು ವಿಚಿತ್ರವೂ ಇತ್ತು. ಆ ಎರಡು ವಾರ ನನಗೆ ಬೆಳಿಗ್ಗೆ ಏಳುವುದಕ್ಕೆ ಒಂದು ಕಾರಣವಿತ್ತು. ಮಧ್ಯಾಹ್ನದ ಕೂಗು ಸ್ವಲ್ಪ ತಡವಾದರೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಯಾವುದು ಬೇಕು, ಯಾವುದು ಬೇಡ ಎಂದು ಅಲ್ಲಿಯವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ.

ಬುತ್ತಿಯ ವಿಚಾರ ಬಂದಾಗ ಮಾತ್ರ ಟೀಚರ್ ನೋಟ್‌ಬುಕ್ಕು ಮುಚ್ಚಿದರು. ‘ಇದು ನಿಮ್ಮ ಸಬ್ಜೆಕ್ಟು. ನಾನು ಬಾಯಿ ಹಾಕಲ್ಲ. ನಿಮ್ಮ ರೊಟ್ಟಿ ನಂಬ್ಕೊಂಡೇ ಹೊರಟಿರೋದು’ ಎಂದರು. ಅವರು ಮೀನು ಮಾಂಸ ಮುಟ್ಟದವರು. ಅಲ್ಲಿ ಸಾರಿಗೂ ಮೀನಿನ ರಸ ಹಾಕುತ್ತಾರೆಂದು ಯಾರೋ ಹೇಳಿದ್ದರು. ಮೊದಲು ಐದು ಖಡಕ್ ರೊಟ್ಟಿ ಮಾಡಿಸಿಕೊಂಡು, ತೂಗಿ, ಇನ್ನೂರು ಗ್ರಾಂ ಎಂದು ಬರೆದಿಟ್ಟು, ಅವನ್ನು ಶೆಲ್ಫಿನ ಮೇಲೆ ಹತ್ತು ದಿನ ಬಿಟ್ಟು ಪರೀಕ್ಷೆ ಮಾಡಿದರು. ಏನೂ ಆಗಿರಲಿಲ್ಲ. ‘ಇಪ್ಪತ್ತು ರೊಟ್ಟಿ, ಎಂಟುನೂರು ಗ್ರಾಂ. ಜತೆಗೆ ಶೇಂಗಾ ಚಟ್ನಿಪುಡಿ. ಬರೀಲಾ?’ ಎಂದರು. ಬರೆಯಿರಿ ಎಂದೆ.

ಖಡಕ್ ರೊಟ್ಟಿಯ ಗುಟ್ಟು ನಿಮ್ಮಮ್ಮನಿಗೂ ಕಲಿಸಿದ್ದೇನೆ. ತೆಳ್ಳಗೆ ಬಡಿದು ಬೇಯಿಸಿದರೆ ಮುಗಿಯಲಿಲ್ಲ. ಸಣ್ಣ ಉರಿಯ ಮೇಲೆ ಬಟ್ಟೆಯಿಂದ ಒತ್ತುತ್ತ ನಡುವಿನ ತೇವವೆಲ್ಲ ಹೋಗುವತನಕ ಕಾಯಿಸಬೇಕು. ಆಮೇಲೆ ಒಂದೊಂದನ್ನೂ ಬಿಡಿಬಿಡಿಯಾಗಿ ಬಟ್ಟೆಯ ಮೇಲೆ ಹರವಬೇಕು. ಬಿಸಿಯಾಗಿದ್ದಾಗ ಒಂದರ ಮೇಲೊಂದು ಇಟ್ಟರೆ ಅವು ಬೆವರುತ್ತವೆ. ಬೆವರಿದ ರೊಟ್ಟಿ ನೋಡಲು ಚೆನ್ನಾಗಿಯೇ ಇರುತ್ತದೆ, ಮೂರು ನಾಲ್ಕು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಇದು ನನಗೆ ಹತ್ತು ವರ್ಷದವಳಿದ್ದಾಗಿನಿಂದ ಗೊತ್ತು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ನಾನು ಹಿಟ್ಟು ನಾದುತ್ತಿದ್ದೆ. ನಮ್ಮ ಕಟ್ಟೆಯ ಮೇಲೆ ಟೀಚರ್ ಕೂತಿದ್ದರು. ದೊಡ್ಡವಳು ಅವರ ಬೆನ್ನಿಗೆ ಜೋತುಬಿದ್ದು ಕೇಳುತ್ತಿದ್ದಳು, ‘ಮುಂದಿನ ಸಲ ನನ್ನೂ ಕರ್ಕೊಂಡ್ ಹೋಗ್ತೀರಾ?’

‘ನಿಮ್ಮಜ್ಜಿನ್ನ ಕರ್ಕೊಂಡ್ ಹೋಗ್ತೀನಿ ಮೊದ್ಲು.’

‘ಅಯ್ಯೋ, ನಮ್ಮಜ್ಜಿಗೆ ರೊಟ್ಟಿ ಬಡಿಯೋದೊಂದೇ ಬರೋದು.’

ಅದಕ್ಕೆ ಟೀಚರ್ ನಕ್ಕರು. ಜೋರಾಗಿಯೇನೂ ನಗಲಿಲ್ಲ. ಮಗು ಆಡಿದ ಮಾತಿಗೆ ಯಾರಾದರೂ ನಗುವಷ್ಟು ನಕ್ಕರು.

ದೊಡ್ಡವಳೇ, ನಿನಗೆ ಇದು ನೆನಪಿರುವುದಿಲ್ಲ. ನೆನಪು ಮಾಡಿಕೊಂಡು ಕೊರಗಲೂ ಬೇಡ. ನೀನು ಹೇಳಿದ್ದು ನಿಜವೇ ಆಗಿತ್ತು. ನಾನು ಒಳಗೆ ಬಂದು ಒಲೆ ಹಚ್ಚಿದೆ. ಇಪ್ಪತ್ತು ರೊಟ್ಟಿ ಬಡಿದೆ. ನಡುವೆ ಇನ್ನೂ ಮೆತ್ತಗಿರುವಾಗಲೇ ಒಂದೊಂದನ್ನೂ ಹಂಚಿನಿಂದ ಇಳಿಸಿದೆ. ಬಿಸಿಬಿಸಿಯಾಗಿಯೇ ಒಂದರ ಮೇಲೊಂದು ಒಟ್ಟಿದೆ. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದೆ. ಮರೆವಿನಿಂದ ಆದದ್ದಲ್ಲ, ಅವಸರದಲ್ಲಿ ಆದದ್ದಲ್ಲ. ಕೈ ಎಷ್ಟೋ ಸಲ ತಾನಾಗಿಯೇ ರೊಟ್ಟಿಯನ್ನು ಹರವಲು ಹೋಯಿತು. ನಾನು ಬಿಡಲಿಲ್ಲ.

ಸಂಜೆ ಕೊನೆಯ ಪಂಚಾಯಿತಿ. ಉಳಿದದ್ದೆಲ್ಲ ಚೀಲದೊಳಗೆ ಸೇರಿತ್ತು, ಬುತ್ತಿಯ ಜಾಗ ಮಾತ್ರ ಖಾಲಿಯಿತ್ತು. ಟೀಚರ್ ಗಂಟನ್ನು ತಕ್ಕಡಿಯ ಮೇಲೆ ಇಟ್ಟರು. ಒಂದು ಕಿಲೋ ಚಿಲ್ಲರೆ ತೋರಿಸಿತು. ಬಟ್ಟೆ ಬಿಚ್ಚಿ ಬರೀ ರೊಟ್ಟಿ ತೂಗಿದರು. ಆಗಲೂ ಬರೆದಿಟ್ಟದ್ದಕ್ಕಿಂತ ಇನ್ನೂರು ಗ್ರಾಂ ಹೆಚ್ಚು.

ಒಣಗದ ನೀರಿಗೂ ತೂಕವಿರುತ್ತದೆ ಎಂಬುದು ನನಗೆ ಹೊಳೆದಿರಲೇ ಇಲ್ಲ.

‘ಹಿಟ್ಟು ಬ್ಯಾರೆ ಏನ್ರಿ ಅಕ್ಕ?’

‘ಇಲ್ಲ. ಸ್ವಲ್ಪ ದಪ್ಪ ಬಡದೆ. ದಾರ್ಯಾಗೆ ಮುರೀಬಾರ್ದು ಅಂತ.’

ಅವರು ಒಂದು ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ‘ಹಂಗಾ’ ಎಂದರು. ಚೀಲದ ಬಾಯಿ ಬಿಚ್ಚಿದರು. ನೋಟ್‌ಬುಕ್ಕಿನ ಪುಟದ ಮೇಲೆ ಬೆರಳಾಡಿಸುತ್ತ ಹೋಗಿ ಒಂದು ಸಾಲಿನ ಹತ್ತಿರ ನಿಂತರು. ಮಳೆ ಅಂಗಿಯನ್ನು ಹೊರಗೆ ತೆಗೆದಿಟ್ಟರು.

‘ಮಳೆ ಬಂದ್ರೆ?’ ಎಂದೆ.

‘ಬಂದ್ರೆ ನೆನೀತೀನಿ. ಹೊಟ್ಟೆಗಿಲ್ಲದೇ ತುಳಿಯೋಕಾಗಲ್ಲ.’

ಬ್ಯಾಡ್ರಿ, ರೊಟ್ಟಿ ತೆಗೀರಿ, ಅಂಗಿ ಇಡ್ರಿ. ಇಷ್ಟೇ ಮಾತು. ನನ್ನ ಬಾಯಿಗೆ ಬರಲಿಲ್ಲ. ಮರುದಿನ ಬೆಳಿಗ್ಗೆ ಅವರು ಸ್ಟೇಷನ್ನಿಗೆ ಹೋಗುವ ಗಾಡಿಗೆ ಕಾಯುತ್ತ ಗೇಟಿನ ಹತ್ತಿರ ಚೀಲದ ಮೇಲೆಯೇ ಕೂತಿದ್ದರು. ನಾನೂ ಹೋಗಿ ನಿಂತೆ. ಬಹಳ ಹೊತ್ತು ಇಬ್ಬರೇ ಇದ್ದೆವು. ‘ಏನಾದ್ರೂ ಹೇಳೋದೈತೇನ್ರಿ ಅಕ್ಕ?’ ಎಂದರು. ‘ಹುಷಾರಾಗಿ ಹೋಗಿ ಬರ್ರಿ’ ಎಂದೆ. ಗಾಡಿ ಬಂತು.

ಐದನೆಯ ದಿನ ನಿಮ್ಮಮ್ಮನ ಫೋನಿಗೆ ಒಂದು ಫೋಟೋ ಬಂತು. ಹಸಿರು ಗದ್ದೆಯ ನಡುವೆ ಟೀಚರ್, ತಲೆಗೂದಲು ತೊಯ್ದು ಹಣೆಗೆ ಅಂಟಿತ್ತು, ನಗುತ್ತಿದ್ದರು. ನೀವಿಬ್ಬರೂ ಚಪ್ಪಾಳೆ ತಟ್ಟಿದಿರಿ. ನಾನು ಫೋನು ಇಸಿದುಕೊಂಡು ಫೋಟೋ ದೊಡ್ಡದು ಮಾಡಿ ಚೀಲಗಳನ್ನು ನೋಡಿದೆ. ಏನೂ ತಿಳಿಯಲಿಲ್ಲ. ಆ ನಗುವನ್ನು ನೋಡಿ ಮತ್ತೆ ಹೊಟ್ಟೆ ಉರಿಯಿತು. ನಾನು ಮಾಡಿದ್ದರಿಂದ ಅವರಿಗೆ ಏನೂ ಆಗಲಿಲ್ಲವಲ್ಲ ಎಂದು ಸಮಾಧಾನವಾಯಿತು, ಏನೂ ಆಗಲಿಲ್ಲವಲ್ಲ ಎಂದು ಸಂಕಟವೂ ಆಯಿತು.

ಅವರು ಕೆಮ್ಮುತ್ತ ವಾಪಸು ಬಂದರು. ಬಂದ ಮರುದಿನವೇ ಒಂದು ಪೊಟ್ಟಣ ಚಹಾಪುಡಿ ಹಿಡಿದು ನಮ್ಮ ಮನೆಗೆ ಬಂದು ಅಡಿಗೆಮನೆಯ ಹೊಸಲಿನ ಮೇಲೆ ಕೂತರು.

‘ರೊಟ್ಟಿ ಮೂರನೇ ದಿನಕ್ಕೆ ಬೂಷ್ಟು ಬಂತ್ರಿ ಅಕ್ಕ.’

‘ಹೌದಾ? ಅಲ್ಲಿ ಹವಾ ಹಂಗಿರ್ಬೇಕು.’

‘ಹವಾ ಅಲ್ಲ. ತೂಕ ನೋಡಿದಾಗ್ಲೇ ಗೊತ್ತಾಗಿತ್ತು ನನಗೆ.’

ನಾನು ಒಲೆಯ ಕಡೆಗೆ ತಿರುಗಿ ಹಾಲು ನೋಡುತ್ತ ನಿಂತೆ. ‘ಮತ್ಯಾಕ ತಗೊಂಡು ಹೋದ್ರಿ?’

‘ನೀವು ಹೇಳ್ತೀರೇನೋ ಅಂತ ಗಾಡಿ ಬರೋತನಕ ಕಾದೆ.’

ಚಹಾ ಕುಡಿದರು. ಲೋಟ ತೊಳೆದಿಟ್ಟರು. ದಾರಿಯುದ್ದಕ್ಕೂ ಬಾಳೆಹಣ್ಣು, ಬರೀ ಅನ್ನ, ಚಟ್ನಿಪುಡಿ ತಿಂದದ್ದನ್ನು ನಗುತ್ತಲೇ ಹೇಳಿದರು. ಯಾಕೆ ಹಾಗೆ ಮಾಡಿದಿರಿ ಎಂದು ಮಾತ್ರ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ.

ಆಮೇಲೂ ಗೇಟಿನಲ್ಲಿ ಸಿಕ್ಕರೆ ಮಾತಾಡುತ್ತಿದ್ದರು. ಹೊಳೆ ತುಂಬಿದ ಸುದ್ದಿ ಹೇಳುತ್ತಿದ್ದರು. ಮರುವರ್ಷ ಶ್ರೀಲಂಕಾಕ್ಕೆ ಹೊರಟರು. ಒಂದು ಮಧ್ಯಾಹ್ನ ಕಿಟಕಿಯಿಂದ ನೋಡಿದೆ, ಅವರ ನಡುಮನೆಯಲ್ಲಿ ಬೆಡ್‌ಶೀಟು ಹಾಸಿತ್ತು. ಅವರು ನನ್ನನ್ನು ಕೂಗಲಿಲ್ಲ. ನೀವಿಬ್ಬರೂ ಅಲ್ಲಿ ಕೂತು ‘ಪಾಸು’, ‘ಫೇಲು’ ಎಂದು ಕಿರುಚುತ್ತಿದ್ದಿರಿ. ನನ್ನ ಜನ್ಮದಲ್ಲಿ ನಾನು ಅತಿ ಹೆಚ್ಚು ಹೊಟ್ಟೆಕಿಚ್ಚುಪಟ್ಟದ್ದು ಅವರ ಸೈಕಲ್ಲಿಗಲ್ಲ, ಅವರು ನೋಡಿದ ದೇಶಕ್ಕಲ್ಲ. ಆ ಮಧ್ಯಾಹ್ನ, ನಿಮ್ಮನ್ನು ಕಂಡು. ಎದುರು ಮನೆಗೆ ಹನ್ನೆರಡು ಹೆಜ್ಜೆ. ಹೋಗಿ ‘ತಪ್ಪಾತ್ರಿ ಟೀಚರ್’ ಎಂದಿದ್ದರೆ ಜರುಗಿ ಜಾಗ ಕೊಡುತ್ತಿದ್ದರು. ನನಗೆ ಗೊತ್ತಿತ್ತು. ನಾಳೆ ಹೋದರಾಯಿತು ಎಂದುಕೊಂಡೆ. ಅವರು ಹೊರಟುಹೋದರು. ಬಂದ ಮೇಲೆ ಮಂಡಿನೋವು ಹೆಚ್ಚಾಯಿತು, ಸೈಕಲ್ಲನ್ನು ನಿಮಗೆ ಕೊಟ್ಟು ಹರಿಹರಕ್ಕೆ ತಂಗಿಯ ಮನೆಗೆ ಹೋದರು.

ಅಂತ್ಯಕ್ರಿಯೆಯ ದಿನ ನಿಮ್ಮಪ್ಪನಿಗೆ ರಜೆ ಸಿಗಲಿಲ್ಲ. ನಾನು ಬಸ್ಸು ಹತ್ತಿ ಹೋದೆ. ಟೀಚರನ್ನು ವಿಭೂತಿ ಹಚ್ಚಿ ಕೂರಿಸಿದ್ದರು. ಮನೆ ತುಂಬ ಜನ, ಅವರ ಹಳೆಯ ವಿದ್ಯಾರ್ಥಿನಿಯರೇ ಒಂದು ಕೋಣೆಯಷ್ಟು. ಮೂಲೆಯಲ್ಲಿ ಮೂವರು ಹೆಂಗಸರು ಅಳುತ್ತ, ನಡುನಡುವೆ ನಗುತ್ತ ಮಾತಾಡಿಕೊಳ್ಳುತ್ತಿದ್ದರು. ಅವರೊಡನೆ ವಿಯೆಟ್ನಾಮಿಗೆ ಹೋಗಿದ್ದವರು. ನನ್ನ ಹತ್ತಿರವಿಲ್ಲದ ಹನ್ನೆರಡು ದಿನ ಅವರ ಹತ್ತಿರವಿತ್ತು. ಅಲ್ಲಿ, ಹೆಣದ ಮುಂದೆ ನಿಂತೂ ನನಗೆ ಅದೇ ಲೆಕ್ಕ.

ಅವರಲ್ಲೊಬ್ಬರು, ಹುಬ್ಬಳ್ಳಿಯವರು, ನನ್ನನ್ನು ಗುರುತಿಸಿ ಜಾಗ ಮಾಡಿದರು. ‘ನೀವು ಎದುರು ಮನಿ ಅಕ್ಕಾರು ಅಲ್ಲೇನ್ರಿ? ನಿಮ್ಮ ಫೋಟೋ ತೋರ್ಸಿದ್ರು. ಆ ರೊಟ್ಟಿ ಕಥಿ ನಾವು ಇವತ್ತಿಗೂ ಹೇಳ್ತೀವಿ ನೋಡ್ರಿ.’

‘ಏನ್ ಹೇಳಿದ್ರು ಅವ್ರು?’

‘ನೀವು ಅಷ್ಟು ಚಂದ ಮಾಡಿಕೊಟ್ಟಿದ್ರಂತ. ಇವ್ರೇ ಬಿಸಿ ಇದ್ದಾಗ ಗಂಟು ಕಟ್ಟಿ ಕೆಡಿಸಿಬಿಟ್ರಂತ. ಎಷ್ಟು ಬೈದೀವಿ ಗೊತ್ತೇನ್ರಿ ಅವ್ರಿಗೆ. ಮಳ್ಯಾಗ ನೆನಕೋತ ಹೋಗೋ ಮುಂದೂ ಬೈದೀವಿ. ಎಲ್ಲಾ ತೂಗಿ ನೋಡೋರಿಗೆ ರೊಟ್ಟಿ ಕಟ್ಟೂದು ಗೊತ್ತಿಲ್ಲೇನು ಅಂತ. ಒಂದು ಮಾತು ತಿರುಗಿ ಆಡ್ಲಿಲ್ಲ.’

ಉಳಿದ ಇಬ್ಬರೂ ನಕ್ಕರು. ಪಕ್ಕದಲ್ಲಿದ್ದ ಅವರ ತಂಗಿಯೂ ಕಣ್ಣೊರೆಸಿಕೊಂಡು ನಕ್ಕರು. ಸುತ್ತ ಏಳೆಂಟು ಜನ ಅಪರಿಚಿತರು ನನ್ನ ಮುಖ ನೋಡುತ್ತಿದ್ದರು. ನಾನೂ ಒಂದು ನಗು ನಕ್ಕು ಸುಮ್ಮನಿದ್ದರೆ ಆಗುತ್ತಿತ್ತು. ಟೀಚರ್ ಹಾಗೆಯೇ ಏರ್ಪಾಡು ಮಾಡಿಟ್ಟು ಹೋಗಿದ್ದರು.

‘ಅವರು ಕೆಡಿಸ್ಲಿಲ್ಲಮ್ಮ’ ಎಂದೆ. ದನಿ ಸಣ್ಣಗಿತ್ತು. ಯಾರಿಗೂ ಕೇಳಿಸಿರಲಿಲ್ಲವೆಂದು ತೋರಿತು, ಮತ್ತೊಮ್ಮೆ ಹೇಳಿದೆ. ‘ನಾನೇ ಹಂಗೆ ಮಾಡಿ ಕೊಟ್ಟಿದ್ದು. ಬೇಕಂತ್ಲೇ. ಅವರು ಹೋಗ್ತಾರಲ್ಲ ಅಂತ ನನಗೆ ಹೊಟ್ಟೆಕಿಚ್ಚು ಆಗಿತ್ತು. ಅವರಿಗೂ ಅದು ಗೊತ್ತಿತ್ತು.’

ನಗು ನಿಂತಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ತಂಗಿ ನನ್ನ ಕಡೆ ನೋಡಲಿಲ್ಲ, ಎದ್ದು ಒಳಗೆ ಹೋದರು. ಹುಬ್ಬಳ್ಳಿಯವರು ತಮಗೇ ಹೇಳಿಕೊಳ್ಳುವ ಹಾಗೆ, ‘ಅಷ್ಟೂ ದಿನ ಬೈಸ್ಕೊಂಡ್ರಲ್ಲ’ ಎಂದರು.

ಆ ಮಾತು ಕೇಳಿದಾಗ ನನಗೆ ಅಳು ಬರಬೇಕಿತ್ತು. ಮೊದಲು ಬಂದದ್ದು ಹೊಟ್ಟೆಕಿಚ್ಚು. ಟೀಚರ್ ಜಾಗದಲ್ಲಿ ನಾನಿದ್ದಿದ್ದರೆ ಮೊದಲನೆಯ ಬೈಗುಳಕ್ಕೇ ಎದುರು ಮನೆಯವಳ ಹೆಸರು ಹೇಳಿಬಿಡುತ್ತಿದ್ದೆ. ಅಳು ಬಂದದ್ದು ಆಮೇಲೆ, ಬಸ್ಸಿನಲ್ಲಿ, ಟಿಕೆಟ್ ಕೊಡಲು ಬಂದ ಕಂಡಕ್ಟರ್ ಎಲ್ಲಿಗೆ ಎಂದು ಎರಡು ಸಲ ಕೇಳುವಷ್ಟು.